ಹೃದಯದ ಕವಾಟಕ್ಕೆ ತಗಲುವ ಶಿಲೀಂಧ್ರದ ಸೋಂಕು: ದಂಪತಿಗಳು ಅರಿತಿರಬೇಕಾದ ಸಂಗತಿಗಳು



ಜ್ವರವು ನಮ್ಮ ಮನೆಗಳಿಗೆ ಅಪರಿಚಿತವಾದುದಲ್ಲ. ಮಳೆಗಾಲ ಬಂದೊಡನೆ ಮನೆಯಲ್ಲಿ ಒಬ್ಬರಿಗಲ್ಲದಿದ್ದರೆ ಒಬ್ಬರಿಗೆ ಮೈ ಬೆಚ್ಚಗಾಗುವುದುಂಟು. ಕಷಾಯ ಕುಡಿದು ಎರಡು ದಿನ ವಿಶ್ರಾಂತಿ ಪಡೆದರೆ ಸಾಮಾನ್ಯವಾಗಿ ಅದು ಇಳಿಯುತ್ತದೆ. ಆದುದರಿಂದ ಜ್ವರವೆಂದರೆ ತಾನಾಗಿ ಬಂದು ತಾನಾಗಿ ಹೋಗುವಂತಹುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಎಲ್ಲ ಜ್ವರಗಳೂ ಅಂತಹವಲ್ಲ. ವಾರಗಟ್ಟಲೆ ಸಣ್ಣಗೆ ಕಾಯುತ್ತಾ, ಗುಳಿಗೆ ನುಂಗಿದಾಗ ಇಳಿದು, ಮರುದಿನ ಸಂಜೆ ಮತ್ತೆ ಏರುವ ಜ್ವರವು ಕೆಲವರಲ್ಲಿ ಹೃದಯದ ಒಳಗೆ ಅಡಗಿರುವ ಸೋಂಕಿನ ಸೂಚನೆಯಾಗಿರಬಹುದು.

ಹೃದಯದ ಕವಾಟಕ್ಕೆ ತಗಲುವ ಸೋಂಕುಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳಿಂದ ಉಂಟಾಗುತ್ತವೆ. ನೂರು ಮಂದಿ ರೋಗಿಗಳಲ್ಲಿ ಕೆಲವರಿಗೆ ಮಾತ್ರ ಶಿಲೀಂಧ್ರವು ಇದಕ್ಕೆ ಕಾರಣವಾಗಿರುತ್ತದೆ. ಇದು ಅಪರೂಪದ ರೋಗವೆಂಬುದು ನಿಜ. ಆದರೆ ಅತ್ಯಂತ ಘೋರವಾದ ರೋಗವೂ ಹೌದು. ಇದರ ಬಗೆಗೆ ಹಳ್ಳಿಯ ದಂಪತಿಗಳು ಏಕೆ ತಿಳಿದಿರಬೇಕು ಎಂಬ ಪ್ರಶ್ನೆ ಸಹಜ. ನಮ್ಮ ಗ್ರಾಮಗಳಲ್ಲಿ ಚಿಕ್ಕಂದಿನ ಕೀಲುವಾತ ಜ್ವರದಿಂದ ಕವಾಟ ಕೆಟ್ಟವರು ಇದ್ದಾರೆ. ಪಟ್ಟಣದ ಆಸ್ಪತ್ರೆಯಲ್ಲಿ ಕೃತಕ ಕವಾಟ ಹಾಕಿಸಿಕೊಂಡು ಬಂದು ಸಂಸಾರ ನಡೆಸುತ್ತಿರುವವರೂ ಇದ್ದಾರೆ. ಅವರ ಮೈ ಬೆಚ್ಚಗಿದೆಯೆಂಬುದನ್ನು ಎಲ್ಲರಿಗಿಂತ ಮೊದಲು ತಿಳಿಯುವವರು ವೈದ್ಯರಲ್ಲ, ಅವರ ಪತಿ ಅಥವಾ ಪತ್ನಿ. ಆ ಮೊದಲನೆಯ ವಾರದಲ್ಲಿ ಅವರು ಏನು ಮಾಡುತ್ತಾರೆ ಎಂಬುದರ ಮೇಲೆ ಒಂದು ಪ್ರಾಣವು ಅವಲಂಬಿಸಿರುತ್ತದೆ.

ಕವಾಟವೆಂದರೇನು?

ಹೃದಯವು ಮುಷ್ಟಿಯ ಗಾತ್ರದ ಒಂದು ಪಂಪು. ಅದು ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುತ್ತದೆ. ನಿಮಿಷಕ್ಕೆ ಸುಮಾರು 5 ಲೀಟರಿನಷ್ಟು ರಕ್ತವನ್ನು ದೇಹಕ್ಕೆ ಹಾಯಿಸುತ್ತದೆ. ಅದರಲ್ಲಿ ನಾಲ್ಕು ಕೋಣೆಗಳೂ ನಾಲ್ಕು ಕವಾಟಗಳೂ ಇವೆ. ರಕ್ತವು ಮುಂದಕ್ಕೆ ಮಾತ್ರ ಹರಿಯುವಂತೆಯೂ ಹಿಂದಕ್ಕೆ ಮರಳದಂತೆಯೂ ತಡೆಯುವುದು ಈ ಕವಾಟಗಳ ಕೆಲಸ.

ಬಾವಿಗೆ ಪಂಪುಸೆಟ್ಟು ಇಳಿಸಿರುವ ರೈತನಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಪೈಪಿನ ಕೆಳತುದಿಯಲ್ಲಿರುವ ಫುಟ್‌ವಾಲ್ವು ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಅದರ ಬಾಯಿಗೆ ಕಸ ಸಿಕ್ಕಿಕೊಂಡರೆ ಅಥವಾ ಒಳಗಿನ ತೊಗಲು ಹರಿದರೆ ಮೋಟಾರು ಎಷ್ಟು ಓಡಿದರೂ ನೀರು ಮೇಲೇರದು. ಹೃದಯದ ಕವಾಟವೂ ಹಾಗೆಯೇ. ಅದರ ತೆಳುವಾದ ದಳಗಳು ದಪ್ಪಗಾಗಿ ಅಂಟಿಕೊಂಡರೆ ದಾರಿ ಕಿರಿದಾಗುತ್ತದೆ. ದಳಗಳು ಹರಿದರೆ ರಕ್ತವು ಹಿಂದಕ್ಕೆ ಸೋರುತ್ತದೆ. ಎರಡು ಸ್ಥಿತಿಗಳಲ್ಲಿಯೂ ಹೃದಯಕ್ಕೆ ದುಡಿಮೆ ಹೆಚ್ಚಿ, ರೋಗಿಗೆ ಏದುಸಿರು ಬರುತ್ತದೆ, ಕಾಲು ಊದಿಕೊಳ್ಳುತ್ತದೆ.

ಆರೋಗ್ಯವಂತ ಕವಾಟದ ಮೈ ನುಣುಪಾಗಿರುವುದರಿಂದ ರಕ್ತದಲ್ಲಿ ಹಾದುಹೋಗುವ ರೋಗಾಣುಗಳಿಗೆ ಅಲ್ಲಿ ನೆಲೆ ದೊರೆಯುವುದಿಲ್ಲ. ಕೆಟ್ಟ ಕವಾಟದ ಮೈ ಒರಟಾಗಿರುತ್ತದೆ. ಕೃತಕ ಕವಾಟಕ್ಕೆ ಅಂಚಿನ ಹೊಲಿಗೆಗಳಿರುತ್ತವೆ. ಒರಟು ಕಲ್ಲಿನ ಮೇಲೆ ಪಾಚಿ ಕಟ್ಟುವಂತೆ ಇಂತಹ ಸ್ಥಳಗಳಲ್ಲಿ ರೋಗಾಣುಗಳು ಅಂಟಿಕೊಂಡು ಬೆಳೆಯುತ್ತವೆ.

ಶಿಲೀಂಧ್ರವೆಂದರೇನು?

ಹಳಸಿದ ರೊಟ್ಟಿಯ ಮೇಲೆ ಕಟ್ಟುವ ಬೂಷ್ಟು, ಮಳೆಗಾಲದಲ್ಲಿ ತಿಪ್ಪೆಯ ಬಳಿ ಏಳುವ ಅಣಬೆ, ಮೈಮೇಲಿನ ಹುಳುಕಡ್ಡಿ ಇವೆಲ್ಲವೂ ಶಿಲೀಂಧ್ರದ ವಂಶಕ್ಕೆ ಸೇರಿದವು. ಹೃದಯದ ಕವಾಟಕ್ಕೆ ತಗಲುವ ಶಿಲೀಂಧ್ರಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಕ್ಯಾಂಡಿಡಾ. ಇದು ನಮ್ಮ ಬಾಯಿ, ಕರುಳು ಮತ್ತು ಚರ್ಮದ ಮೇಲೆ ಯಾವ ತೊಂದರೆಯನ್ನೂ ಕೊಡದೆ ವಾಸಿಸುವ ಜೀವಿ. ಎರಡನೆಯದು ಆಸ್ಪರ್ಜಿಲಸ್. ಇದರ ಕಣಗಳು ಮಣ್ಣು, ಕೊಳೆತ ಹುಲ್ಲು, ಹಳೆಯ ಧಾನ್ಯ ಮತ್ತು ಗಾಳಿಯಲ್ಲಿ ಇರುತ್ತವೆ. ಅವುಗಳನ್ನು ನಾವೆಲ್ಲರೂ ದಿನವೂ ಉಸಿರಾಡುತ್ತಿದ್ದೇವೆ.

ಇಲ್ಲಿ ಅನಗತ್ಯವಾದ ಭಯಕ್ಕೆ ಆಸ್ಪದ ಕೊಡಬಾರದು. ಆರೋಗ್ಯವಂತರ ದೇಹವು ಈ ಶಿಲೀಂಧ್ರಗಳನ್ನು ತಾನೇ ಹತೋಟಿಯಲ್ಲಿಡುತ್ತದೆ. ಹುಳುಕಡ್ಡಿಯಿಂದ ಹೃದಯದ ರೋಗ ಬರುವುದಿಲ್ಲ. ಹಸುಗೂಸಿನ ನಾಲಿಗೆಯ ಮೇಲೆ ಕಾಣುವ ಬಿಳಿಯ ಪದರಕ್ಕೂ ಸ್ತ್ರೀಯರಿಗೆ ತುರಿಕೆಯೊಡನೆ ಬರುವ ಬಿಳಿ ಸೆರಗಿಗೂ ಕ್ಯಾಂಡಿಡಾವೇ ಕಾರಣವಾಗಿರಬಹುದು. ಆರೋಗ್ಯವಂತರಲ್ಲಿ ಅವು ಹೃದಯಕ್ಕೆ ಏರುವುದಿಲ್ಲ, ಸಾಮಾನ್ಯ ಔಷಧದಿಂದ ಗುಣವಾಗುತ್ತವೆ. ಕವಾಟದ ಸೋಂಕು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ರೋಗಿಯೊಡನೆ ಉಣ್ಣುವುದರಿಂದ, ಒಟ್ಟಿಗೆ ಮಲಗುವುದರಿಂದ, ದಾಂಪತ್ಯ ಸುಖದಿಂದ ಇದು ಹರಡುವುದಿಲ್ಲ. ಆದಕಾರಣ ರೋಗಿಯನ್ನು ಬೇರೆ ಇರಿಸುವುದು, ಅವರ ತಟ್ಟೆ ಲೋಟಗಳನ್ನು ಪ್ರತ್ಯೇಕಿಸುವುದು ಅಜ್ಞಾನವೂ ಕ್ರೌರ್ಯವೂ ಆಗುತ್ತದೆ.

ಯಾರಿಗೆ ಅಪಾಯ ಹೆಚ್ಚು?

ಶಿಲೀಂಧ್ರವು ರಕ್ತವನ್ನು ಪ್ರವೇಶಿಸಲು ದಾರಿ ಬೇಕು, ಅಲ್ಲಿ ಉಳಿಯಲು ದೇಹದ ನಿಶ್ಶಕ್ತಿ ಬೇಕು, ಬೆಳೆಯಲು ನೆಲೆ ಬೇಕು. ಈ ಅನುಕೂಲಗಳು ಕೂಡಿಬರುವುದು ಈ ಕೆಳಗಿನವರಲ್ಲಿ:

1. ಕೃತಕ ಕವಾಟ ಹಾಕಿಸಿಕೊಂಡವರು ಮತ್ತು ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದವರು.

2. ಹಿಂದೆ ಒಮ್ಮೆ ಕವಾಟದ ಸೋಂಕು ಬಂದು ಗುಣವಾದವರು.

3. ತೀವ್ರ ನಿಗಾ ಘಟಕದಲ್ಲಿ ಬಹಳ ದಿನ ಇದ್ದು, ಕುತ್ತಿಗೆ ಅಥವಾ ಎದೆಯ ದೊಡ್ಡ ರಕ್ತನಾಳದಲ್ಲಿ ನಳಿಕೆ ಇರಿಸಿಕೊಂಡಿದ್ದವರು. ಡಯಾಲಿಸಿಸ್‌ಗಾಗಿ ಇಂತಹ ನಳಿಕೆ ಹೊಂದಿರುವವರೂ ಇದರಲ್ಲಿ ಸೇರುತ್ತಾರೆ.

4. ಬಲವಾದ ಆಂಟಿಬಯಾಟಿಕ್ ಔಷಧಗಳನ್ನು ದೀರ್ಘಕಾಲ ಪಡೆದವರು. ಈ ಔಷಧಗಳು ಕರುಳಿನ ನಿರಪಾಯಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ, ಕಳೆ ಕಿತ್ತ ಹೊಲದಲ್ಲಿ ಬೇರೊಂದು ಕಳೆ ಹಬ್ಬುವಂತೆ ಕ್ಯಾಂಡಿಡಾ ಹೆಚ್ಚುತ್ತದೆ.

5. ಕ್ಯಾನ್ಸರ್ ಚಿಕಿತ್ಸೆ, ಅಂಗ ಕಸಿ ಅಥವಾ ದೀರ್ಘಕಾಲದ ಸ್ಟಿರಾಯ್ಡ್ ಔಷಧಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದವರು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯವರು.

6. ಸೂಜಿಯ ಮೂಲಕ ಮಾದಕ ವಸ್ತುಗಳನ್ನು ಚುಚ್ಚಿಕೊಳ್ಳುವವರು.

7. ದಿನ ತುಂಬುವ ಮೊದಲೇ ಹುಟ್ಟಿ, ನಳಿಕೆಗಳ ಆಸರೆಯಲ್ಲಿ ಬೆಳೆಯುತ್ತಿರುವ ಶಿಶುಗಳು.

ಸ್ಟಿರಾಯ್ಡ್ ಕುರಿತು ಒಂದು ಮಾತು. ಮಂಡಿನೋವಿಗೆಂದೂ ಉಬ್ಬಸಕ್ಕೆಂದೂ ಸಂತೆಯಲ್ಲಿ ಮಾರುವ, ಹೆಸರಿಲ್ಲದ ಪುಡಿ ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ನೋವು ಮಾಯವಾದಂತೆ ತೋರಿದರೂ ದೇಹದ ಕಾವಲು ಸಡಿಲವಾಗಿರುತ್ತದೆ. ಹೆಸರಿಲ್ಲದ ಔಷಧವನ್ನು ಯಾರು ಕೊಟ್ಟರೂ ಸೇವಿಸಬಾರದು.

ರೋಗವು ಮಾಡುವ ಹಾನಿ

ಕವಾಟದ ಮೇಲೆ ಬೇರೂರಿದ ಶಿಲೀಂಧ್ರವು ಹೆಪ್ಪುಗಟ್ಟಿದ ರಕ್ತದೊಡನೆ ಸೇರಿ ಹೂಕೋಸಿನಂತಹ ಮೆತ್ತನೆಯ ಗಂಟುಗಳಾಗಿ ಬೆಳೆಯುತ್ತದೆ. ಬ್ಯಾಕ್ಟೀರಿಯಾದಿಂದಾಗುವ ಗಂಟುಗಳಿಗಿಂತ ಇವು ಅನೇಕ ವೇಳೆ ದೊಡ್ಡವು. ಇವುಗಳ ಚೂರುಗಳು ಕಳಚಿ ರಕ್ತದೊಡನೆ ಸಾಗುತ್ತವೆ. ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಪಾರ್ಶ್ವವಾಯು ಉಂಟಾಗುತ್ತದೆ. ಕಾಲಿನ ರಕ್ತನಾಳವನ್ನು ಮುಚ್ಚಿದರೆ ಕಾಲು ತಣ್ಣಗಾಗಿ ಬಿಳಿಚಿಕೊಳ್ಳುತ್ತದೆ. ಕಣ್ಣನ್ನು ತಲುಪಿದರೆ ದೃಷ್ಟಿ ಮಂಜಾಗುತ್ತದೆ. ದೊಡ್ಡ ರಕ್ತನಾಳಗಳನ್ನೇ ಮುಚ್ಚುವುದು ಶಿಲೀಂಧ್ರದ ಸೋಂಕಿನ ಒಂದು ವಿಶೇಷ ಲಕ್ಷಣ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಇಪ್ಪತ್ತೆಂಟು ವರ್ಷದ ಗೃಹಿಣಿ, ಎರಡು ಮಕ್ಕಳ ತಾಯಿ. ಕಳೆದ ವರ್ಷ ಆಕೆಗೆ ಕೃತಕ ಕವಾಟ ಹಾಕಲಾಗಿದೆ. ಶಸ್ತ್ರಚಿಕಿತ್ಸೆಯ ನಂತರ ಬಹಳ ದಿನ ನಿಗಾ ಘಟಕದಲ್ಲಿದ್ದು ಮನೆಗೆ ಮರಳಿ, ಈಗ ಗೆಲುವಾಗಿದ್ದಾಳೆ. ಬಿತ್ತನೆಯ ದಿನಗಳಲ್ಲಿ ಆಕೆಗೆ ಸಣ್ಣ ಜ್ವರ ಬರುತ್ತದೆ. ಹೊಲದ ಕೆಲಸ ಬಿಡುವಂತಿಲ್ಲ. ಗಂಡ ಆಕೆಯನ್ನು ಊರಿನಲ್ಲಿಯೇ ಚುಚ್ಚುಮದ್ದು ಹಾಕುವವರ ಬಳಿಗೆ ಕರೆದೊಯ್ಯುತ್ತಾನೆ. ಜ್ವರ ಇಳಿಯುತ್ತದೆ, ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತದೆ. ಮತ್ತೊಂದು ಚುಚ್ಚುಮದ್ದು, ನಿಶ್ಶಕ್ತಿಗೆಂದು ಒಂದು ಬಾಟಲಿ ಗ್ಲೂಕೋಸ್. ಹೀಗೆ ಮೂರು ವಾರ ಕಳೆಯುತ್ತವೆ. ನಾಲ್ಕನೆಯ ವಾರದ ಒಂದು ಮುಂಜಾನೆ ಆಕೆ ಎದ್ದು ನಿಲ್ಲಲಾರಳು. ಬಲಗಾಲು ಹಿಮದಂತೆ ತಣ್ಣಗಾಗಿದೆ. ದೊಡ್ಡಾಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಕಾಲಿನ ರಕ್ತನಾಳದಿಂದ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಅದು ಕವಾಟದಿಂದ ಕಳಚಿ ಬಂದುದು.

ಈ ಸಂದರ್ಭದಲ್ಲಿ ಗಂಡನು ಉದಾಸೀನನಾಗಿದ್ದನೆಂದು ಹೇಳಲಾಗದು. ಅವನು ಹಣ ಖರ್ಚು ಮಾಡಿದ್ದಾನೆ, ಕೆಲಸ ಬಿಟ್ಟು ಕರೆದೊಯ್ದಿದ್ದಾನೆ. ತಪ್ಪಿದ್ದು ಒಂದೇ ಮಾತಿನಲ್ಲಿ. “ಇವಳಿಗೆ ಹೃದಯದ ಕವಾಟ ಬದಲಿಸಲಾಗಿದೆ” ಎಂದು ಅವನು ಯಾರಿಗೂ ಹೇಳಲಿಲ್ಲ, ಅವನನ್ನು ಯಾರೂ ಕೇಳಲೂ ಇಲ್ಲ. ಆ ಒಂದು ಮಾತನ್ನು ಮೊದಲನೆಯ ವಾರದಲ್ಲಿಯೇ ವೈದ್ಯರ ಮುಂದೆ ಹೇಳಿದ್ದರೆ ರಕ್ತದ ಪರೀಕ್ಷೆ ಅಂದೇ ಆಗುತ್ತಿತ್ತು.

ಗಮನಿಸಬೇಕಾದ ಚಿಹ್ನೆಗಳು

ಬ್ಯಾಕ್ಟೀರಿಯಾದ ಸೋಂಕಾಗಲಿ ಶಿಲೀಂಧ್ರದ ಸೋಂಕಾಗಲಿ ಹೊರಗೆ ಕಾಣುವ ಚಿಹ್ನೆಗಳು ಬಹುಮಟ್ಟಿಗೆ ಒಂದೇ. ಅವುಗಳನ್ನು ಬೇರ್ಪಡಿಸುವುದು ವೈದ್ಯರ ಕೆಲಸ. ನೀವು ಗಮನಿಸಬೇಕಾದುವು ಇವು:

ಬಿಟ್ಟು ಬಿಟ್ಟು ಬರುವ ಜ್ವರ, ಚಳಿ, ರಾತ್ರಿಯಲ್ಲಿ ಬೆವರುವಿಕೆ, ಹಸಿವು ಕುಗ್ಗಿ ತೂಕ ಇಳಿಯುವುದು, ಹಿಂದೆ ಇಲ್ಲದ ಏದುಸಿರು, ಅಂಗಾತ ಮಲಗಲು ಕಷ್ಟವಾಗುವುದು, ಕಾಲೂತ, ಬೆರಳ ತುದಿಗಳಲ್ಲಿ ನೋಯುವ ಚಿಕ್ಕ ಗಂಟುಗಳು ಅಥವಾ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆಗಳು.

ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಪಕ್ಕದ ಕೈಕಾಲು ಬಲ ಕಳೆದುಕೊಳ್ಳುವುದು, ಒಂದು ಕೈ ಅಥವಾ ಕಾಲು ತಣ್ಣಗಾಗಿ ನೋಯುವುದು, ಕಣ್ಣು ಮಂಜಾಗುವುದು ಇವು ತುರ್ತು ಚಿಹ್ನೆಗಳು. ಇಂತಹ ಸ್ಥಿತಿಯಲ್ಲಿ ಒಂದು ಗಂಟೆಯೂ ಕಾಯದೆ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಿಕೊಳ್ಳಬೇಕು. ಅರಿಶಿನ ಹಚ್ಚುವುದು, ಎಣ್ಣೆ ತಿಕ್ಕುವುದು, ಕಾಸಿದ ಇಟ್ಟಿಗೆಯಿಂದ ಶಾಖ ಕೊಡುವುದು ಇವುಗಳಿಂದ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ಪರೀಕ್ಷೆ: ಔಷಧಕ್ಕಿಂತ ಮೊದಲು ರಕ್ತ

ಕವಾಟದ ತೊಂದರೆಯಿರುವವರಿಗೆ ಕಾರಣ ತಿಳಿಯದ ಜ್ವರ ಬಂದಾಗ ಮೊದಲು ಮಾಡಬೇಕಾದುದು ರಕ್ತದ ಕಲ್ಚರ್ ಪರೀಕ್ಷೆ. ರಕ್ತವನ್ನು ಪೋಷಕ ದ್ರವ ತುಂಬಿದ ಸೀಸೆಗಳಲ್ಲಿ ಹಾಕಿ, ಹದವಾದ ಶಾಖದಲ್ಲಿಟ್ಟು, ಅದರಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುತ್ತಾರೆ. ಬೇರೆ ಬೇರೆ ಸ್ಥಳಗಳಿಂದ ಎರಡು ಮೂರು ಬಾರಿ ರಕ್ತ ತೆಗೆಯುತ್ತಾರೆ. “ಇಷ್ಟೊಂದು ರಕ್ತವೇಕೆ” ಎಂದು ಆತಂಕಪಡಬೇಕಾದುದಿಲ್ಲ. ತೆಗೆಯುವ ರಕ್ತವನ್ನು ದೇಹವು ಕೆಲವೇ ದಿನಗಳಲ್ಲಿ ತುಂಬಿಕೊಳ್ಳುತ್ತದೆ.

ರಕ್ತ ತೆಗೆಯುವ ಮೊದಲೇ ಆಂಟಿಬಯಾಟಿಕ್ ನುಂಗಿದ್ದರೆ ಬ್ಯಾಕ್ಟೀರಿಯಾಗಳು ಅರೆಸತ್ತು ಸೀಸೆಯಲ್ಲಿ ಬೆಳೆಯದೆ ಹೋಗಬಹುದು. ಆಗ ರೋಗಕ್ಕೆ ಕಾರಣ ಬ್ಯಾಕ್ಟೀರಿಯಾವೋ ಶಿಲೀಂಧ್ರವೋ ಎಂಬುದೇ ತಿಳಿಯದು. ಔಷಧದ ಅಂಗಡಿಯಿಂದ ತಾವಾಗಿ ತಂದ ನಾಲ್ಕು ಗುಳಿಗೆಗಳು ವೈದ್ಯರ ಕಣ್ಣಿಗೆ ಬಟ್ಟೆ ಕಟ್ಟುತ್ತವೆ. ಆಸ್ಪರ್ಜಿಲಸ್ ಶಿಲೀಂಧ್ರವಂತೂ ರಕ್ತದ ಸೀಸೆಯಲ್ಲಿ ಬೆಳೆಯುವುದೇ ವಿರಳ. ಅದನ್ನು ಗುರುತಿಸಲು ಇತರ ಪರೀಕ್ಷೆಗಳ ನೆರವು ಬೇಕಾಗುತ್ತದೆ.

ಎರಡನೆಯ ಪರೀಕ್ಷೆ ಎಕೋ. ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ಹೃದಯದ ಚಿತ್ರವನ್ನು ತೆರೆಯ ಮೇಲೆ ಮೂಡಿಸುವ ವಿಧಾನವಿದು. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗಿನ ತತ್ವವೇ ಇಲ್ಲಿಯೂ ಇರುತ್ತದೆ, ನೋವಿಲ್ಲ. ಎದೆಯ ಮೇಲಿನಿಂದ ಸ್ಪಷ್ಟವಾಗಿ ಕಾಣದಿದ್ದರೆ ಅನ್ನನಾಳದೊಳಗೆ ತೆಳುವಾದ ನಳಿಕೆಯನ್ನು ಇಳಿಸಿ ಹೃದಯವನ್ನು ಹಿಂದಿನಿಂದ ನೋಡುತ್ತಾರೆ. ಕೃತಕ ಕವಾಟವಿರುವವರಲ್ಲಿ ಈ ಎರಡನೆಯ ವಿಧಾನ ಹೆಚ್ಚು ಉಪಯುಕ್ತ.

ಚಿಕಿತ್ಸೆ

ಆಂಟಿಬಯಾಟಿಕ್ ಔಷಧಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ, ಶಿಲೀಂಧ್ರಗಳನ್ನು ಕೊಲ್ಲಲಾರವು. ಶಿಲೀಂಧ್ರಕ್ಕೆ ಬೇರೆಯೇ ಔಷಧಗಳಿವೆ. ಅವುಗಳಲ್ಲಿ ಪ್ರಮುಖವಾದ ಆಂಫೊಟೆರಿಸಿನ್ ಎಂಬುದು ಮಣ್ಣಿನಿಂದ ದೊರೆತದ್ದು. 1950ರ ದಶಕದಲ್ಲಿ ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಒರಿನೋಕೊ ನದಿಯ ಪ್ರದೇಶದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಅದನ್ನು ಪಡೆಯಲಾಯಿತು. ಅದುವರೆಗೆ ಈ ರೋಗ ಬಂದವರಿಗೆ ವೈದ್ಯರು ಕೊಡಬಹುದಾದ ಪರಿಣಾಮಕಾರಿ ಔಷಧವೇ ಇರಲಿಲ್ಲ. ಈಗ ಇದರೊಡನೆ ಎಕೈನೊಕ್ಯಾಂಡಿನ್ ಎಂಬ ಗುಂಪಿನ ಔಷಧಗಳೂ, ಆಸ್ಪರ್ಜಿಲಸ್‌ಗೆ ವೊರಿಕೊನಜೋಲ್ ಎಂಬ ಔಷಧವೂ ಇವೆ.

ಆದರೆ ಔಷಧವೊಂದರಿಂದಲೇ ಗುಣವಾಗುವುದು ಕಷ್ಟ. ದಪ್ಪ ಗಂಟಿನ ಒಳಭಾಗಕ್ಕೆ ಔಷಧವು ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದ ರೋಗಿಯ ಸ್ಥಿತಿ ಅನುಕೂಲವಾಗಿದ್ದರೆ ಸೋಂಕಿದ ಕವಾಟವನ್ನು ತೆಗೆದು ಬೇರೆ ಕವಾಟ ಹಾಕುತ್ತಾರೆ. ಕ್ಯಾಂಡಿಡಾ ಸೋಂಕನ್ನು ಹೃದಯದ ಶಸ್ತ್ರಚಿಕಿತ್ಸೆಯಿಂದ ಗುಣಪಡಿಸಿದ ವರದಿ 1961ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಭಾರತದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ರೂಪಿಸಿದ ಕೃತಕ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಕರ್ನಾಟಕದಲ್ಲಿ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯು ಬೆಂಗಳೂರು, ಮೈಸೂರು ಮತ್ತು ಕಲಬುರಗಿಗಳಲ್ಲಿ ಹೃದಯ ಚಿಕಿತ್ಸೆ ನೀಡುತ್ತಿದೆ. ಅರ್ಹ ಬಡ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವುಂಟು. ಕಾರ್ಡು ಪಡೆಯುವ ಬಗೆಯನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಯಿಂದ ಮುಂಚಿತವಾಗಿಯೇ ತಿಳಿದುಕೊಳ್ಳಿ. ರೋಗ ಬಂದ ಮೇಲೆ ಕಾರ್ಡಿಗಾಗಿ ಅಲೆಯುವಂತಾಗಬಾರದು.

ಚಿಕಿತ್ಸೆಯು ದೀರ್ಘವಾದುದು. ರಕ್ತನಾಳದ ಮೂಲಕ ಕೊಡುವ ಔಷಧವನ್ನು ಸಾಮಾನ್ಯವಾಗಿ ಆರು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸುತ್ತಾರೆ. ಆಂಫೊಟೆರಿಸಿನ್ ಮೂತ್ರಪಿಂಡಗಳಿಗೆ ತೊಂದರೆ ಕೊಡಬಹುದಾದುದರಿಂದ ಪದೇ ಪದೇ ರಕ್ತ ಪರೀಕ್ಷೆ ಮಾಡುತ್ತಾರೆ. ಅನಂತರ ಕ್ಯಾಂಡಿಡಾ ಸೋಂಕಿನವರಿಗೆ ಫ್ಲುಕೊನಜೋಲ್ ಗುಳಿಗೆಗಳನ್ನು ದೀರ್ಘಕಾಲ ಕೊಡುತ್ತಾರೆ. ಕೃತಕ ಕವಾಟವಿರುವವರಿಗೆ ಅನೇಕ ವೇಳೆ ಇದು ಜೀವಮಾನಪರ್ಯಂತ ಬೇಕಾಗುತ್ತದೆ. ರೋಗವು ತಿಂಗಳುಗಳ ನಂತರ, ವರ್ಷಗಳ ನಂತರವೂ ಮರುಕಳಿಸುವುದುಂಟು. “ಈಗ ಚೆನ್ನಾಗಿದ್ದೇನೆ” ಎಂದು ಗುಳಿಗೆ ನಿಲ್ಲಿಸುವುದು ಆರಿದಂತೆ ಕಾಣುವ ಕೆಂಡದ ಮೇಲೆ ಹುಲ್ಲು ಹಾಸಿದಂತೆ.

ಸತ್ಯವನ್ನು ಮರೆಮಾಚಬಾರದು. ಇಂದಿನ ಉತ್ತಮ ಚಿಕಿತ್ಸೆ ದೊರೆತರೂ ಈ ರೋಗ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕುಳಿಯುವುದಿಲ್ಲ. ಬೇಗನೆ ಗುರುತಿಸಿದಷ್ಟೂ ಬದುಕುವ ಅವಕಾಶ ಹೆಚ್ಚುತ್ತದೆ. ಆದುದರಿಂದಲೇ ಮೊದಲನೆಯ ವಾರಕ್ಕೆ ಇಷ್ಟು ಮಹತ್ವ.

ಗರ್ಭಧಾರಣೆ ಮತ್ತು ಕುಟುಂಬ ಯೋಜನೆ

ಕವಾಟದ ರೋಗವಿರುವ ಸ್ತ್ರೀಗೆ ಗರ್ಭಧಾರಣೆಯು ಸಾಮಾನ್ಯ ಸಂಗತಿಯಲ್ಲ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣವು ನೂರಕ್ಕೆ 40ರಿಂದ 50ರಷ್ಟು ಹೆಚ್ಚುತ್ತದೆ. ಅದುವರೆಗೆ ಹೇಗೋ ನಿಭಾಯಿಸುತ್ತಿದ್ದ ಕಿರಿದಾದ ಕವಾಟವು ಈ ಹೊರೆಯನ್ನು ತಡೆಯಲಾರದೆ ಹೋಗಬಹುದು. ಅನೇಕ ಸ್ತ್ರೀಯರಿಗೆ ತಮ್ಮ ಕವಾಟ ಕೆಟ್ಟಿದೆಯೆಂಬುದು ತಿಳಿಯುವುದೇ ಮೊದಲ ಬಸಿರಿನಲ್ಲಿ. ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿ ನಡೆಯುವ ವಿಶೇಷ ತಪಾಸಣೆಗೆ ತಪ್ಪದೆ ಹೋಗಿ. ಏದುಸಿರಿದ್ದರೆ “ಬಸಿರಿಯರಿಗೆ ಇದು ಇದ್ದದ್ದೇ” ಎಂದು ಸುಮ್ಮನಿರದೆ ವೈದ್ಯರಿಗೆ ಹೇಳಿ.

ಶಿಲೀಂಧ್ರದ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿರುವಾಗ ಗರ್ಭ ನಿಲ್ಲದಂತೆ ಎಚ್ಚರ ವಹಿಸುವುದು ಅತ್ಯಗತ್ಯ. ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಸೇವಿಸುವ ಫ್ಲುಕೊನಜೋಲ್ ಮತ್ತು ವೊರಿಕೊನಜೋಲ್ ಔಷಧಗಳು ಗರ್ಭಸ್ಥ ಶಿಶುವಿನ ಅಂಗಗಳ ಬೆಳವಣಿಗೆಗೆ ಹಾನಿ ಮಾಡಬಲ್ಲವು. ಲೋಹದ ಕೃತಕ ಕವಾಟದವರು ರಕ್ತ ಹೆಪ್ಪುಗಟ್ಟದಂತೆ ಸೇವಿಸುವ ವಾರ್ಫರಿನ್ ಗುಳಿಗೆಯೂ ಬಸಿರಿನ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಅಪಾಯಕಾರಿ. ಆದರೆ ತಾವಾಗಿ ಗುಳಿಗೆ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ತಾಯಿಯೇ ಸಾಯಬಹುದು. ಮುಟ್ಟು ತಪ್ಪಿದ ಕೂಡಲೇ ವೈದ್ಯರನ್ನು ಕಾಣಬೇಕು. ಗರ್ಭಿಣಿಗೆ ಹೊಂದುವ ಬೇರೆ ಔಷಧಗಳನ್ನು ಅವರು ಆರಿಸಿಕೊಡುತ್ತಾರೆ. ಮಕ್ಕಳು ಬೇಕೆಂಬ ಬಯಕೆಯಿದ್ದರೆ ಗರ್ಭ ಧರಿಸುವ ಮೊದಲೇ ಹೃದಯದ ವೈದ್ಯರೊಡನೆ ದಂಪತಿಗಳಿಬ್ಬರೂ ಕುಳಿತು ಮಾತನಾಡುವುದು ಉತ್ತಮ. ಹೆರಿಗೆಯ ನಂತರ ವಾರ್ಫರಿನ್ ಸೇವಿಸುವ ತಾಯಿಯು ಮಗುವಿಗೆ ಎದೆಹಾಲು ಕೊಡಬಹುದು.

ಗರ್ಭನಿರೋಧಕ್ಕೆ ಯಾವ ವಿಧಾನ ಸೂಕ್ತ? ಮಾಲಾ-ಎನ್‌ನಂತಹ ಈಸ್ಟ್ರೊಜೆನ್ ಇರುವ ಗುಳಿಗೆಗಳು ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುವುದರಿಂದ ಕೃತಕ ಕವಾಟದವರಿಗೂ ಕವಾಟದ ರೋಗ ತೀವ್ರವಾಗಿರುವವರಿಗೂ ಸಲ್ಲವು. ನಿರೋಧ್ ಬಳಕೆಯಿಂದ ಹೃದಯಕ್ಕೆ ಯಾವ ತೊಂದರೆಯೂ ಇಲ್ಲ. ಆದರೆ ಪ್ರತಿಸಲವೂ ಸರಿಯಾಗಿ ಬಳಸಬೇಕು. ವಂಕಿ, ಚುಚ್ಚುಮದ್ದು ಮೊದಲಾದ ಇತರ ವಿಧಾನಗಳನ್ನು ರೋಗಿಯ ಸ್ಥಿತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಇನ್ನು ಮಕ್ಕಳು ಸಾಕೆಂದು ತೀರ್ಮಾನಿಸಿದ ದಂಪತಿಗಳಲ್ಲಿ ಪತ್ನಿಗೆ ಹೃದಯದ ರೋಗವಿದ್ದರೆ ಆಕೆಯನ್ನೇ ಶಸ್ತ್ರಚಿಕಿತ್ಸೆಯ ಮೇಜಿಗೆ ಕಳುಹಿಸಬೇಕೆ? ಹೃದಯ ದುರ್ಬಲವಾದ ಸ್ತ್ರೀಗೆ ಅರಿವಳಿಕೆಯೂ ಹೊಟ್ಟೆಯ ಶಸ್ತ್ರಚಿಕಿತ್ಸೆಯೂ ಅಪಾಯವನ್ನು ತರಬಹುದು. ಪುರುಷರ ಹೊಲಿಗೆಯಿಲ್ಲದ ಸಂತಾನಹರಣ ಶಸ್ತ್ರಚಿಕಿತ್ಸೆಯು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಅಂದೇ ಮನೆಗೆ ಮರಳಬಹುದು. ಅದರಿಂದ ಪುರುಷತ್ವಕ್ಕಾಗಲಿ ದುಡಿಯುವ ಶಕ್ತಿಗಾಗಲಿ ಕುಂದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಮೂರು ತಿಂಗಳು ಬೇರೆ ವಿಧಾನವನ್ನು ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಪತ್ನಿಯ ಹೃದಯವನ್ನು ಕಾಪಾಡಲು ಪತಿಯು ಮಾಡಬಹುದಾದ ಇಷ್ಟು ಸುಲಭವಾದ ಸೇವೆ ಮತ್ತೊಂದಿಲ್ಲ.

ತಡೆಗಟ್ಟುವ ಮಾರ್ಗಗಳು

ರೋಗದ ಬುಡವನ್ನು ಬಾಲ್ಯದಲ್ಲಿಯೇ ಕಡಿಯಬೇಕು. 5ರಿಂದ 15 ವರ್ಷದ ಮಕ್ಕಳಿಗೆ ಗಂಟಲುನೋವು, ಜ್ವರ ಬಂದು, ಕೆಲವು ವಾರಗಳ ನಂತರ ಕೀಲುಗಳು ಒಂದಾದ ಮೇಲೊಂದು ಊದಿಕೊಂಡರೆ ಅದು ವೈದ್ಯರು ರುಮ್ಯಾಟಿಕ್ ಜ್ವರವೆಂದು ಕರೆಯುವ ಕೀಲುವಾತ ಜ್ವರವಾಗಿರಬಹುದು. ಕೀಲಿನ ಬಾವು ವಾಸಿಯಾಗುತ್ತದೆ, ಆದರೆ ಹೃದಯದ ಕವಾಟದಲ್ಲಿ ಕಲೆ ಉಳಿಯುತ್ತದೆ. ಅಂತಹ ಮಕ್ಕಳಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಿಸಬೇಕು. ಕವಾಟ ಕೆಡದಿದ್ದರೆ ಮುಂದೆ ಕೃತಕ ಕವಾಟದ ಅಗತ್ಯವೂ ಬಾರದು, ಅದಕ್ಕೆ ತಗಲುವ ಸೋಂಕಿನ ಭಯವೂ ಇರದು. ಶಾಲೆ ಮತ್ತು ಅಂಗನವಾಡಿಗಳಿಗೆ ಬರುವ ಆರೋಗ್ಯ ತಪಾಸಣಾ ತಂಡಕ್ಕೆ ನಿಮ್ಮ ಮಗುವನ್ನು ತಪ್ಪದೆ ತೋರಿಸಿ.

ಕವಾಟದ ತೊಂದರೆಯಿರುವವರು ಈ ನಿಯಮಗಳನ್ನು ಪಾಲಿಸಬೇಕು:

1. ಹಲ್ಲು ಒಸಡುಗಳನ್ನು ದಿನವೂ ಎರಡು ಬಾರಿ ಶುಚಿಗೊಳಿಸಬೇಕು. ಹೊಗೆಸೊಪ್ಪು ಅಗಿಯಬಾರದು. ಹಲ್ಲು ಕೀಳಿಸುವ ಮೊದಲು ಹೃದಯದ ಸ್ಥಿತಿಯನ್ನು ದಂತವೈದ್ಯರಿಗೆ ಹೇಳಬೇಕು. ಕೃತಕ ಕವಾಟದವರಿಗೆ ಅವರು ಮುಂಚಿತವಾಗಿ ಔಷಧ ಕೊಡುತ್ತಾರೆ.

2. ನಿಶ್ಶಕ್ತಿಯೆಂದು ಅನಗತ್ಯವಾಗಿ ಗ್ಲೂಕೋಸ್ ಹಾಕಿಸಿಕೊಳ್ಳಬಾರದು. ಚರ್ಮವನ್ನು ಭೇದಿಸಿ ರಕ್ತನಾಳವನ್ನು ಪ್ರವೇಶಿಸುವ ಪ್ರತಿಯೊಂದು ಸೂಜಿಯೂ ರೋಗಾಣುವಿಗೆ ಒಂದು ಬಾಗಿಲು. ಬೇಕೇ ಬೇಕಾದಾಗ ಹೊಸ ಸೂಜಿಯನ್ನೇ ಬಳಸುವಂತೆ ನೋಡಿಕೊಳ್ಳಬೇಕು.

3. ಆಸ್ಪತ್ರೆಯಲ್ಲಿ ನಳಿಕೆ ಹಾಕಿರುವ ಜಾಗ ಕೆಂಪಾದರೆ, ಊದಿದರೆ, ಕೀವಾದರೆ ಕೂಡಲೇ ದಾದಿಯರ ಗಮನಕ್ಕೆ ತರಬೇಕು. ರೋಗಿಯನ್ನು ಮುಟ್ಟುವ ಮೊದಲು ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

4. ವಾರ್ಫರಿನ್ ಸೇವಿಸುವವರು ಹುಳುಕಡ್ಡಿಗಾಗಲಿ ಬಿಳಿ ಸೆರಗಿಗಾಗಲಿ ಔಷಧದ ಅಂಗಡಿಯಿಂದ ತಾವಾಗಿ ಫ್ಲುಕೊನಜೋಲ್ ಗುಳಿಗೆ ತಂದು ನುಂಗಬಾರದು. ಇವೆರಡೂ ಸೇರಿದರೆ ರಕ್ತವು ಅತಿಯಾಗಿ ತೆಳುವಾಗಿ ರಕ್ತಸ್ರಾವವಾಗಬಹುದು. ವೈದ್ಯರೇ ಎರಡನ್ನೂ ಕೊಟ್ಟಿದ್ದರೆ ಅವರು ಹೇಳಿದ ದಿನಗಳಂದು ಐ.ಎನ್.ಆರ್. ಪರೀಕ್ಷೆ ತಪ್ಪದೆ ಮಾಡಿಸಬೇಕು.

5. ಸಕ್ಕರೆ ಕಾಯಿಲೆಯಿದ್ದರೆ ಅದನ್ನು ಹತೋಟಿಯಲ್ಲಿಡಬೇಕು.

ನೆನಪಿನಲ್ಲಿಡಿ

ಮನೆಯಲ್ಲಿ ಕವಾಟದ ರೋಗವಿರುವವರಿದ್ದರೆ, ಆಸ್ಪತ್ರೆಯಿಂದ ಕೊಟ್ಟ ಚೀಟಿ, ಎಕೋ ವರದಿ ಮತ್ತು ಔಷಧಗಳ ಪಟ್ಟಿಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಪತಿ ಪತ್ನಿ ಇಬ್ಬರಿಗೂ ತಿಳಿದಿರುವ ಜಾಗದಲ್ಲಿ ತೂಗುಹಾಕಿ. ಯಾವ ಕಾಯಿಲೆಗೆ ಯಾವ ವೈದ್ಯರ ಬಳಿಗೆ ಹೋದರೂ ಆ ಚೀಲವನ್ನು ಕೊಂಡೊಯ್ಯಿರಿ.

ಅವರಿಗೆ ಮೂರು ದಿನಗಳಿಗಿಂತ ಹೆಚ್ಚು ಕಾಲ ಜ್ವರ ನಿಂತರೆ, ಅಥವಾ ಇಳಿದ ಜ್ವರ ಮತ್ತೆ ಮರುಕಳಿಸಿದರೆ, ಬಿತ್ತನೆಯಿರಲಿ, ಸುಗ್ಗಿಯಿರಲಿ, ಮನೆಯಲ್ಲಿ ಮದುವೆಯೇ ಇರಲಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಅಲ್ಲಿನ ವೈದ್ಯಾಧಿಕಾರಿಗಳಿಗೆ ಈ ಎರಡು ಮಾತುಗಳನ್ನು ಹೇಳಲು ಮರೆಯಬೇಡಿ: “ಇವರ ಹೃದಯದ ಕವಾಟಕ್ಕೆ ತೊಂದರೆಯಿದೆ. ಔಷಧ ಕೊಡುವ ಮೊದಲು ರಕ್ತದ ಕಲ್ಚರ್ ಪರೀಕ್ಷೆ ಬೇಕಾಗುವುದೇ, ದಯವಿಟ್ಟು ನೋಡಿ.” ಆ ಪರೀಕ್ಷೆಗೆ ಅಲ್ಲಿ ಅನುಕೂಲವಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಂಡು ಅಂದೇ ಹೊರಡಿ.

ಹೊಲದ ಕೆಲಸ ಒಂದು ದಿನ ನಿಂತರೆ ಮರುದಿನ ಮಾಡಬಹುದು. ಸಂಸಾರದ ಜೋಡೆತ್ತುಗಳಲ್ಲಿ ಒಂದು ಕುಸಿದರೆ ಮನೆಯ ಬಂಡಿಯೇ ನಿಲ್ಲುತ್ತದೆ. ಒಬ್ಬರ ಜ್ವರವನ್ನು ಇನ್ನೊಬ್ಬರು ಎಚ್ಚರದಿಂದ ಗಮನಿಸಿ. ನಿಮ್ಮ ಮಕ್ಕಳಿಗೆ ತಂದೆ ತಾಯಿ ಇಬ್ಬರ ಆಸರೆಯೂ ಬಹುಕಾಲ ಇರಲಿ.